ನಿಂತಲ್ಲಿ ಪಾಸಾದ ಗಾಡಿ: ಕ್ವಾಡ್ ಬೈಕಿನ ತಪಾಸಣೆಯನ್ನು ಎಷ್ಟು ನಂಬಬಹುದು?

ಮುಂದಿನ ಚಕ್ರವನ್ನು ಜ್ಯಾಕ್ ಕೊಟ್ಟು ನೆಲದಿಂದ ಎತ್ತಬೇಕು. ಒಂದು ಕೈ ಟೈರಿನ ನೆತ್ತಿಗೆ, ಇನ್ನೊಂದು ಕೈ ಬುಡಕ್ಕೆ. ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ಅಲ್ಲಾಡಿಸಬೇಕು. ಒಳಗೆ ಏನಾದರೂ ಸವೆದಿದ್ದರೆ 'ಟಕ್' ಎಂಬ ಸಣ್ಣ ಪೆಟ್ಟು ಮೊದಲು ಅಂಗೈಗೆ ತಾಗುತ್ತದೆ, ಕಿವಿಗೆ ಆಮೇಲೆ. ಇನ್ನೊಬ್ಬರಿಗೆ ಬ್ರೇಕ್ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿದಾಗ ಆಟ ನಿಂತರೆ ದೋಷ ಚಕ್ರದ ಬೇರಿಂಗಿನದು. ಆಗಲೂ ಆಡಿದರೆ ಬಾಲ್ ಜಾಯಿಂಟಿನದೋ ಬುಷ್ಷಿನದೋ. ಕೈಗಳನ್ನು ಟೈರಿನ ಎಡಬಲಕ್ಕೆ ತಂದು ಹಾಗೆಯೇ ಮಾಡಿದರೆ ಟೈ ರಾಡಿನ ತುದಿ ತನ್ನ ಕಥೆ ಹೇಳುತ್ತದೆ. ಇಷ್ಟಕ್ಕೆ ಬೇಕಾದದ್ದು ಎರಡು ಕೈ, ಒಂದು ಜ್ಯಾಕ್, ಐದು ನಿಮಿಷ.

ಮಳೆಗಾಲ ಮುಗಿದು ಪ್ರವಾಸಿಗರು ಬರತೊಡಗಿದ್ದ ಒಂದು ಅಕ್ಟೋಬರಿನಲ್ಲಿ, ಕೊಡಗಿನ ಕಾಫಿ ತೋಟವೊಂದರ ಅಂಚಿನಲ್ಲಿ ಬಾಡಿಗೆಗೆ ನಿಲ್ಲಿಸಿದ್ದ ಕ್ವಾಡ್ ಬೈಕಿನ ಮೇಲೆ ನಾನು ಇದನ್ನು ಮಾಡಿ ನೋಡಿದೆ. ಎಡಗಡೆಯ ಚಕ್ರ ಬೆರಳಗಲ ಆಡುತ್ತಿತ್ತು. ಗಾಡಿ ನೋಡಿಕೊಳ್ಳುತ್ತಿದ್ದ ಹುಡುಗನಿಗೆ ತೋರಿಸಿದೆ. "ಅಷ್ಟು ಆಡೋದು ಮಾಮೂಲಿ ಸಾರ್, ಓಡಿಸುವಾಗ ಗೊತ್ತಾಗಲ್ಲ" ಎಂದ. "ಕೊನೇ ಸಲ ಯಾವಾಗ ಚೆಕ್ ಮಾಡಿಸಿದ್ರಿ?" ಎಂದೆ. "ಬೆಳಿಗ್ಗೆ ಗಾಳಿ ನೋಡಿದ್ವಲ್ಲ ಸಾರ್." ಅವನು ಸುಳ್ಳು ಹೇಳಲಿಲ್ಲ, ಅವನಿಗೆ ಹೇಳಿಕೊಟ್ಟಿದ್ದೇ ಅಷ್ಟು. ಪಕ್ಕದಲ್ಲಿ ಒಬ್ಬ ತಂದೆ ಐದಾರು ವರ್ಷದ ಮಗಳನ್ನು ಮುಂದೆ ಕೂರಿಸಿಕೊಂಡು ಹೊರಡಲು ಸರದಿ ಕಾಯುತ್ತಿದ್ದರು.

ಆ ಗಾಡಿ ಬ್ರಿಟನ್ನಿನಲ್ಲೋ ಫ್ರಾನ್ಸಿನಲ್ಲೋ ರಸ್ತೆಗೆ ನೋಂದಣಿಯಾಗಿದ್ದರೆ ನಿಗದಿತ ಕಾಲಕ್ಕೆ ಯಾರಾದರೂ ಆ ಚಕ್ರವನ್ನು ಹಿಡಿದು ಅಲ್ಲಾಡಿಸಲೇಬೇಕಿತ್ತು. ಹಾಗೆ ಅಲ್ಲಾಡಿಸಿ, ನೋಡಿ, 'ಸರಿಯಿದೆ' ಎಂದು ಬರೆದುಕೊಟ್ಟ ಕಾಗದಕ್ಕೆ ಎಷ್ಟು ತೂಕ? ಅದು ಅಪಘಾತ ತಪ್ಪಿಸುತ್ತದೆಯೇ? ಯಾವ ಕಂಪನಿಯ ಗಾಡಿ ಗಟ್ಟಿ ಎಂಬುದಕ್ಕೆ ಅದು ಸಾಕ್ಷಿಯಾಗುತ್ತದೆಯೇ? ಈ ಪ್ರಶ್ನೆಗಳ ಮೇಲೆ ಎಂಜಿನಿಯರುಗಳು, ಅರ್ಥಶಾಸ್ತ್ರಜ್ಞರು, ಸರ್ಕಾರಗಳು, ಬೈಕ್ ಸವಾರರು ದಶಕಗಳಿಂದ ವಾದಿಸುತ್ತಿದ್ದಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ತಪಾಸಣೆ ಎಷ್ಟು ನಿಖರ ಎಂಬ ವಾದ ಜೋರಾದಷ್ಟೂ, ತಪಾಸಣೆಗೆ ಬಾರದೇ ಉಳಿಯುವ ಗಾಡಿಗಳ ಮಾತು ಹಿಂದೆ ಸರಿದಿದೆ. ಕ್ವಾಡ್‌ಗಳಲ್ಲಿ ಅಂಥವೇ ಬಹಳ.

ಬಾಯ್ಲರಿನಿಂದ ಬೈಕಿಗೆ

ಯಂತ್ರವನ್ನು ಹೊರಗಿನವರೊಬ್ಬರು ಆಗಾಗ ನೋಡಬೇಕು ಎಂಬ ಯೋಚನೆ ರಸ್ತೆಯಲ್ಲಿ ಹುಟ್ಟಿದ್ದಲ್ಲ. 1865ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನ ಬಿಯರ್ ಕಾರ್ಖಾನೆಯೊಂದರಲ್ಲಿ ಉಗಿ ಬಾಯ್ಲರ್ ಸಿಡಿಯಿತು. ಮರುವರ್ಷವೇ ಬಾಯ್ಲರ್ ಮಾಲೀಕರು ಸೇರಿ, ತಮ್ಮ ಬಾಯ್ಲರುಗಳನ್ನು ತಾವಲ್ಲದ ಪರಿಣತರಿಂದ ಪರೀಕ್ಷೆ ಮಾಡಿಸಲು ಸಂಘ ಕಟ್ಟಿಕೊಂಡರು. ಇಂದು ಜರ್ಮನಿಯ ಪ್ರತಿ ವಾಹನ ಮಾಲೀಕನ ಬಾಯಲ್ಲಿರುವ 'ಟ್ಯೂಫ್' ಸಂಸ್ಥೆಗಳ ಬೇರು ಅಲ್ಲಿದೆ. ವಾಹನಗಳಿಗೆ ಕಾಲಕಾಲದ ತಪಾಸಣೆ ಅಲ್ಲಿ ಕಡ್ಡಾಯವಾದದ್ದು 1951ರಲ್ಲಿ.

ಬ್ರಿಟನ್ನಿನಲ್ಲಿ 1960ರ ಸೆಪ್ಟೆಂಬರಿನಲ್ಲಿ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್ ಅವರ ಕಾಲದಲ್ಲಿ 'ಎಂಒಟಿ' ಎಂಬ ವಾಹನ ತಪಾಸಣೆ ಬಂತು. ಹತ್ತು ವರ್ಷ ದಾಟಿದ ಗಾಡಿಗಳ ಬ್ರೇಕ್, ದೀಪ, ಸ್ಟೀರಿಂಗ್ ನೋಡುವುದಷ್ಟೇ ಮೊದಲ ಉದ್ದೇಶ. ಫೇಲಾದವುಗಳ ಸಂಖ್ಯೆ ಕಂಡು ಅಧಿಕಾರಿಗಳು ಗಾಬರಿಯಾದರು. ಮರುವರ್ಷವೇ ಮಿತಿ ಏಳು ವರ್ಷಕ್ಕೆ ಇಳಿಯಿತು, 1967ಕ್ಕೆ ಮೂರು ವರ್ಷಕ್ಕೆ. ಟೈರುಗಳು ಪಟ್ಟಿಗೆ ಸೇರಿದ್ದು ಅದರ ಮರುವರ್ಷ. 2018ರ ಮೇ ತಿಂಗಳಿನಿಂದ ದೋಷಗಳನ್ನು ಅಪಾಯಕಾರಿ, ಗಂಭೀರ, ಸಣ್ಣದು ಎಂದು ಬೇರ್ಪಡಿಸಿ ಬರೆಯುತ್ತಾರೆ. ಮೊದಲೆರಡರಲ್ಲಿ ಯಾವುದಿದ್ದರೂ ಗಾಡಿ ಫೇಲ್.

ಕ್ವಾಡ್‌ನ ಚರಿತ್ರೆ ಇದಕ್ಕಿಂತ ಚಿಕ್ಕದು. 1970ರಲ್ಲಿ ಹೋಂಡಾ ಕಂಪನಿ ದಪ್ಪ ಬಲೂನ್ ಟೈರುಗಳ ಮೂರು ಚಕ್ರದ ಗಾಡಿಯನ್ನು ಅಮೆರಿಕದಲ್ಲಿ ಮಾರಾಟಕ್ಕೆ ತಂದಿತು. 1982ರಲ್ಲಿ ಸುಜುಕಿ ನಾಲ್ಕು ಚಕ್ರದ ಗಾಡಿ ತಂದಿತು. ಎರಡೂ ಮಣ್ಣು, ಮರಳು, ಹುಲ್ಲುಗಾವಲಿಗೆ ಮಾಡಿದವು, ರಸ್ತೆಗಲ್ಲ. ಆದರೆ ಕುರಿ ಮೇಯಿಸುವವರು, ಹೈನುಗಾರರು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗಲು ರಸ್ತೆ ದಾಟಲೇಬೇಕು. ಶೋಕಿಗೆ ಕೊಂಡವರಿಗೂ ರಸ್ತೆ ಬೇಕು. ಹಾಗಾಗಿ ರಸ್ತೆಗಾಗಿ ಹುಟ್ಟದ ಗಾಡಿಯನ್ನು ರಸ್ತೆಯ ನಿಯಮದೊಳಗೆ ತರುವ ಸರ್ಕಸ್ ಶುರುವಾಯಿತು. ಬ್ರಿಟನ್ನಿನಲ್ಲಿ 400 ಕಿಲೋ ತೂಕ, 15 ಕಿಲೋವ್ಯಾಟ್ ಶಕ್ತಿಯ ಮಿತಿಯೊಳಗಿನ ಕ್ವಾಡ್, ತಪಾಸಣೆಯ ಮಟ್ಟಿಗೆ ಕಾರುಗಳ ಸಾಲಿಗೇ ಸೇರುತ್ತದೆ. ಶುಲ್ಕದ ಗರಿಷ್ಠ ಮಿತಿಯೂ ಕಾರಿನಷ್ಟೇ, 54.85 ಪೌಂಡ್. ಯುರೋಪಿನ ಇತರ ದೇಶಗಳಲ್ಲಿ ಹಲವು ದೊಡ್ಡ ಕ್ವಾಡ್‌ಗಳು ಟ್ರ್ಯಾಕ್ಟರ್ ಎಂದೇ ನೋಂದಣಿಯಾಗುತ್ತವೆ. ಒಂದೇ ಗಾಡಿ, ಕಾಗದದಲ್ಲಿ ಹೆಸರು ಬದಲಾದರೆ ತಪಾಸಣೆಯ ನಿಯಮವೂ ಬದಲು.

ಈ ಗಾಡಿ ಎಲ್ಲೆಲ್ಲಿ ಸೋಲುತ್ತದೆ

ಕಾರಿನ ಕಣ್ಣಿನಿಂದ ಕ್ವಾಡ್ ನೋಡಿದರೆ ಮೋಸ ಹೋಗುತ್ತೇವೆ. ಕಾರಿನ ಕೆಳಗಿನ ಭಾಗಗಳು ವರ್ಷಕ್ಕೆ ನಾಲ್ಕಾರು ದಿನ ಕೆಸರು ಕಂಡರೆ ಹೆಚ್ಚು. ಕ್ವಾಡ್‌ನ ಬಾಲ್ ಜಾಯಿಂಟು, ಟೈ ರಾಡು, ಎ-ಆರ್ಮಿನ ಬುಷ್ಷುಗಳು ಬದುಕುವುದೇ ಕೆಸರಿನಲ್ಲಿ. ಅವುಗಳನ್ನು ಕಾಯುವುದು ಒಂದು ತೆಳು ರಬ್ಬರಿನ ಬೂಟು. ಒಂದು ಮುಳ್ಳು, ಒಂದು ಕಡ್ಡಿ ಅದನ್ನು ಹರಿದರೆ ಒಳಗಿನ ಗ್ರೀಸ್ ಹೊರಗೆ ಎರಚುತ್ತದೆ, ಮರಳು ನೀರು ಒಳಗೆ ಹೋಗುತ್ತದೆ. ಅಲ್ಲಿಂದ ಮುಂದೆ ಆ ಜಾಯಿಂಟು ತನ್ನನ್ನು ತಾನೇ ಅರೆದುಕೊಳ್ಳುತ್ತದೆ. ಚಕ್ರದ ಒಳಮೈಯಲ್ಲಿ, ಚಾಸಿಸ್ ಮೇಲೆ ಕಪ್ಪು ಗ್ರೀಸಿನ ಹನಿಗಳು ಗೀಟು ಎಳೆದಂತೆ ಕಂಡರೆ ಬೂಟು ಹರಿದು ಬಹಳ ದಿನ ಆಗಿಲ್ಲ ಎಂದು ತಿಳಿಯಬಹುದು. ಅವೇ ಹನಿಗಳ ಮೇಲೆ ಧೂಳು ಕೂತು ಒಣಗಿದ್ದರೆ ಜಾಯಿಂಟು ಆಗಲೇ ಹೋಗಿದೆ.

ಬೇರಿಂಗುಗಳನ್ನು ಹಾಳು ಮಾಡುವುದರಲ್ಲಿ ಕೆಸರಿನಷ್ಟೇ ಪಾಲು ಅದನ್ನು ತೊಳೆಯುವ ಪೈಪಿನದು. ಒತ್ತಡದ ನೀರನ್ನು ನೇರ ಚಕ್ರದ ನಡುವಿಗೆ ಹಿಡಿದರೆ ಸೀಲು ದಾಟಿ ಒಳಗೆ ಹೋಗುತ್ತದೆ. ಗಾಡಿ ಹೊರಗೆ ಫಳಫಳ, ಒಳಗೆ ತುಕ್ಕು. ಅದೇ ನೀರು ವೈರಿಂಗಿನ ಕನೆಕ್ಟರುಗಳಲ್ಲಿ ಕೂತು ಹಸಿರು ಬಣ್ಣ ತಿರುಗಿಸುತ್ತದೆ. ಬ್ರೇಕ್ ದೀಪ, ಇಂಡಿಕೇಟರ್, ಹಾರ್ನ್ ಕೈಕೊಡಲು ಇದು ದೊಡ್ಡ ಕಾರಣ. ಹೊಲಕ್ಕೆಂದು ಮಾಡಿದ ಎಷ್ಟೋ ಗಾಡಿಗಳಲ್ಲಿ ಇಂಡಿಕೇಟರ್ ಇರುವುದೇ ಇಲ್ಲ. ರಸ್ತೆಗೆ ತರುವಾಗ ಹೊರಗಿನ ಕಿಟ್ ಜೋಡಿಸುತ್ತಾರೆ. ಮೂಲ ವೈರಿಂಗಿಗೆ ಟೇಪು ಸುತ್ತಿ ಸೇರಿಸಿದ ಆ ವೈರುಗಳು ಮೊದಲ ಮಳೆಗಾಲದಲ್ಲೇ ಬುದ್ಧಿ ತೋರಿಸುತ್ತವೆ.

ಬ್ರೇಕಿನ ಮಾತೇ ಬೇರೆ. ಡ್ರಮ್ ಇದ್ದರೆ ಒಳಗೆ ಮಣ್ಣು ಕೂತು ಲೈನರನ್ನು ತಿನ್ನುತ್ತದೆ. ಡಿಸ್ಕ್ ಇದ್ದರೆ ಕ್ಯಾಲಿಪರಿನ ಪಿನ್ನುಗಳು ಜಾಮ್ ಆಗಿ ಒಂದು ಕಡೆಯ ಪ್ಯಾಡು ಮಾತ್ರ ಸವೆಯುತ್ತದೆ. ಪಾರ್ಕಿಂಗ್ ಬ್ರೇಕಿನ ಕೇಬಲ್ ಬಳಕೆ ಇಲ್ಲದೆ ತುಕ್ಕು ಹಿಡಿದು ನಿಲ್ಲುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿ ಗೇಟು ತೆಗೆಯಲು ಇಳಿದ ರೈತನ ಮೇಲೆ ಅವನದೇ ಗಾಡಿ ಬರುವುದು ಹೀಗೆ.

ಟೈರಿನ ಗಾಳಿ ಇನ್ನೂ ಸೂಕ್ಷ್ಮ. ಕಾರಿಗೆ ಮೂವತ್ತು ಪಿಎಸ್‌ಐ ಆಸುಪಾಸು ಹಾಕುತ್ತೇವೆ. ಕ್ವಾಡ್‌ನ ಬಲೂನ್ ಟೈರಿಗೆ ಸಾಮಾನ್ಯವಾಗಿ ಹತ್ತಕ್ಕಿಂತ ಕಡಿಮೆ, ಕೆಲವಕ್ಕೆ ಮೂರು ನಾಲ್ಕೇ ಸಾಕು. ಪೆಟ್ರೋಲ್ ಬಂಕಿನ ಗೇಜಿನಲ್ಲಿ ಅಷ್ಟು ಕಡಿಮೆ ಒತ್ತಡ ಓದಲೂ ಬರುವುದಿಲ್ಲ. ಕಾರಿಗೆ ಎರಡು ಪಿಎಸ್‌ಐ ಹೆಚ್ಚುಕಮ್ಮಿ ಆದರೆ ಚಾಲಕನಿಗೆ ತಿಳಿಯುವುದೇ ಇಲ್ಲ. ನಾಲ್ಕು ಪಿಎಸ್‌ಐ ಟೈರಿನಲ್ಲಿ ಎರಡರ ವ್ಯತ್ಯಾಸ ಎಂದರೆ ಅರ್ಧಕ್ಕರ್ಧ. ಗಾಡಿ ಒಂದು ಕಡೆಗೆ ಎಳೆಯುತ್ತದೆ, ಅಡ್ಡ ಇಳಿಜಾರಿನಲ್ಲಿ ವಾಲುತ್ತದೆ. ಅದಕ್ಕೇ ಆ ಹುಡುಗ ಬೆಳಿಗ್ಗೆ ಗಾಳಿ ನೋಡಿದ್ದನ್ನು ನಾನು ಹಗುರ ಮಾಡುವುದಿಲ್ಲ. ಯಾವ ಗೇಜಿನಲ್ಲಿ ನೋಡಿದ ಎಂದು ಕೇಳಬೇಕಿತ್ತು.

ತಪಾಸಣೆ ಮಾಡುವವನ ಕಷ್ಟವೂ ಇಲ್ಲೇ ಇದೆ. ಕಾರಿನ ಬ್ರೇಕನ್ನು ಉರುಳೆಗಳ ಮೇಲೆ ಒಂದೊಂದು ಆಕ್ಸಲ್ ನಿಲ್ಲಿಸಿ ಅಳೆಯುತ್ತಾರೆ. ಮುಂದಿನ ಹಿಂದಿನ ಚಕ್ರಗಳು ಸದಾ ಜೋಡಿಯಾಗಿ ತಿರುಗುವ ನಾಲ್ಕು ಚಕ್ರ ಚಾಲನೆಯ ಗಾಡಿಗೆ ಆ ವಿಧಾನ ಒಗ್ಗದು. ಓಡಿಸಿ, ಬ್ರೇಕ್ ಹಾಕಿ, ವೇಗ ಎಷ್ಟು ಬೇಗ ಇಳಿಯಿತು ಎಂದು ಮೀಟರಿನಲ್ಲಿ ನೋಡಬೇಕು. ಒಟ್ಟು ಬಲ ಅದರಿಂದ ಸಿಗುತ್ತದೆ. ಯಾವ ಚಕ್ರ ಸೋಮಾರಿ ಎಂಬುದು ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಬ್ರಿಟನ್ನಿನ ನಿಯಮದಂತೆ ಪರೀಕ್ಷಕ ಏನನ್ನೂ ಬಿಚ್ಚಿ ನೋಡುವಂತಿಲ್ಲ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಸ್ಥಿತಿ ಅವನ ಪಟ್ಟಿಯಲ್ಲೇ ಇಲ್ಲ.

ನೂರಕ್ಕೆ ಎಂಟೋ, ಒಂದಕ್ಕೂ ಕಡಿಮೆಯೋ

ತಪಾಸಣೆಯ ಪರ ನಿಂತವರ ಮೊದಲ ವಾದ ಸರಳ: ಸವೆದ ಭಾಗ ಅಪಘಾತ ತರುತ್ತದೆ, ಹಾಗಾಗಿ ಸವೆತ ಹುಡುಕಿ. 2012ರ ಜುಲೈನಲ್ಲಿ ಐರೋಪ್ಯ ಆಯೋಗ ಹೊಸ ತಪಾಸಣಾ ನಿಯಮಗಳನ್ನು ಮುಂದಿಟ್ಟಾಗ, ಕಾರು ಅಪಘಾತಗಳಲ್ಲಿ ಶೇ. 6, ಮೋಟಾರ್‌ಸೈಕಲ್ ಅಪಘಾತಗಳಲ್ಲಿ ಶೇ. 8 ತಾಂತ್ರಿಕ ದೋಷಕ್ಕೆ ಸಂಬಂಧಿಸಿದವು ಎಂದಿತು. ಸವಾರರ ಸಂಘಟನೆಗಳು ಬೇರೊಂದು ಅಧ್ಯಯನ ಹಿಡಿದು ನಿಂತವು. ಐದು ಐರೋಪ್ಯ ದೇಶಗಳಲ್ಲಿ 921 ದ್ವಿಚಕ್ರ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಕೆದಕಿದ 'ಮೇಡ್ಸ್' ಅಧ್ಯಯನದಲ್ಲಿ ವಾಹನದ ದೋಷವೇ ಮುಖ್ಯ ಕಾರಣವಾದ ಪ್ರಕರಣಗಳು ಶೇ. 1ಕ್ಕಿಂತ ಕಡಿಮೆ.

ಎರಡೂ ಸಂಖ್ಯೆ ನಿಜವಾಗಿರಲು ಸಾಧ್ಯವಿದೆ, ಏಕೆಂದರೆ ಅವು ಉತ್ತರಿಸುವುದು ಬೇರೆ ಬೇರೆ ಪ್ರಶ್ನೆಗಳಿಗೆ. 'ಮುಖ್ಯ ಕಾರಣ' ಎಂದು ಒಂದೇ ಒಂದನ್ನು ಬರೆಯಬೇಕಾದಾಗ ಮನುಷ್ಯನ ತಪ್ಪೇ ಮೇಲಕ್ಕೆ ಬರುತ್ತದೆ. 'ಪಾಲು ಇತ್ತೇ' ಎಂದು ಕೇಳಿದರೆ ಲೆಕ್ಕ ಏರುತ್ತದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ 1970ರ ದಶಕದಲ್ಲಿ ನಡೆಸಿದ ಹೆಸರಾಂತ ಅಧ್ಯಯನ ಒಂದು ಅಪಘಾತಕ್ಕೆ ಹಲವು ಕಾರಣ ಬರೆಯಲು ಬಿಟ್ಟಿತು. ಆಗ ವಾಹನದ ಪಾಲು ಹನ್ನೆರಡು ಹದಿಮೂರರವರೆಗೆ ಹೋಯಿತು. ತಿರುವಿನಲ್ಲಿ ಜೋರಾಗಿ ಹೋದವನದು ತಪ್ಪು ಸರಿ, ಆದರೆ ಬ್ರೇಕ್ ಪೂರ್ತಿ ಹಿಡಿದಿದ್ದರೆ ಬಚಾವಾಗುತ್ತಿದ್ದನೇ ಎಂಬುದನ್ನು ಪೊಲೀಸರ ಪಂಚನಾಮೆ ಹೇಳುವುದಿಲ್ಲ.

ಈ ಜಗಳ ಫ್ರಾನ್ಸಿನಲ್ಲಿ ಬೀದಿಗೆ ಬಂತು. 125 ಸಿಸಿಗಿಂತ ದೊಡ್ಡ ಬೈಕು, ಕ್ವಾಡ್ ಮೊದಲಾದವನ್ನು 2022ರ ಜನವರಿಯಿಂದ ತಪಾಸಣೆಗೆ ಒಳಪಡಿಸಿ, ಇಲ್ಲವೇ ಬೇರೆ ಸುರಕ್ಷತಾ ಕ್ರಮ ಕೈಗೊಂಡು ತೋರಿಸಿ ಎಂದು ಐರೋಪ್ಯ ಒಕ್ಕೂಟದ 2014ರ ನಿರ್ದೇಶನ ಹೇಳಿತ್ತು. 2021ರ ಆಗಸ್ಟಿನಲ್ಲಿ ಫ್ರೆಂಚ್ ಸರ್ಕಾರ ಆದೇಶ ಹೊರಡಿಸಿತು. ಸವಾರರ ಸಿಟ್ಟಿಗೆ ಹೆದರಿ ಮರುದಿನವೇ ತಡೆಹಿಡಿಯಿತು. ಮುಂದಿನ ವರ್ಷ ರದ್ದೇ ಮಾಡಿತು. 2022ರ ಅಕ್ಟೋಬರಿನಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಆ ರದ್ದತಿಯನ್ನೇ ರದ್ದು ಮಾಡಿತು. ಕೊನೆಗೆ 2024ರ ಏಪ್ರಿಲ್ 15ರಿಂದ ಬೈಕು, ಕ್ವಾಡ್‌ಗಳೆಲ್ಲ ತಪಾಸಣಾ ಕೇಂದ್ರಕ್ಕೆ ಬರತೊಡಗಿದವು. ಇಷ್ಟೆಲ್ಲ ಗಲಾಟೆ ನಡೆದದ್ದು ಮೋಟಾರ್‌ಸೈಕಲ್ ಹೆಸರಿನಲ್ಲಿ. ಕ್ವಾಡ್ ಆ ಮೆರವಣಿಗೆಯ ಬಾಲದಲ್ಲಿ ಸದ್ದಿಲ್ಲದೆ ಬಂತು. ಎರಡು ಚಕ್ರದ ಗಾಡಿಗೆ ತೆಗೆದ ಅಂಕಿಅಂಶದಲ್ಲೇ ಅದರ ತೀರ್ಮಾನವೂ ಆಗಿಹೋಯಿತು. ಇದು ನನಗೆ ಸರಿ ಕಾಣುವುದಿಲ್ಲ. ಮೋಟಾರ್‌ಸೈಕಲ್ ಸವಾರ ಸಾಮಾನ್ಯವಾಗಿ ತನ್ನ ಗಾಡಿಯನ್ನು ಮಗುವಿನಂತೆ ನೋಡಿಕೊಳ್ಳುತ್ತಾನೆ, ಸಣ್ಣ ನಡುಕವೂ ಅವನಿಗೆ ಗೊತ್ತಾಗುತ್ತದೆ ಎಂಬ ವಾದಕ್ಕೆ ಅರ್ಥವಿದೆ. ಹೊಲದ ಕ್ವಾಡ್ ಹಾಗಲ್ಲ. ಅದು ಗುದ್ದಲಿ ಪಿಕಾಸಿಯಂತೆ ಹತ್ತು ಕೈ ಬದಲಾಗುವ ವಸ್ತು.

ನಾರ್ವೆಯ ಲಾಟರಿ, ನ್ಯೂಜಿಲೆಂಡಿನ ಕ್ಯಾಲೆಂಡರ್

ದೋಷ ಅಪಘಾತಕ್ಕೆ ಕಾರಣ ಎಂದೇ ಒಪ್ಪಿದರೂ, ತಪಾಸಣೆ ಅದನ್ನು ತಗ್ಗಿಸುತ್ತದೆ ಎಂದು ಸಾಬೀತಾಗಬೇಕಲ್ಲ? ನಾರ್ವೆಯ ಸಂಶೋಧಕ ಸ್ಟೈನ್ ಫಾಸರ್ 1992ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದ ಬಂಡೆಗಲ್ಲು. 2,04,000 ಕಾರುಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದಕ್ಕೆ ಮೂರು ವರ್ಷ ಪ್ರತಿವರ್ಷ ತಪಾಸಣೆ, ಇನ್ನೊಂದಕ್ಕೆ ಒಂದೇ ಸಲ, ಮೂರನೆಯದಕ್ಕೆ ಇಲ್ಲವೇ ಇಲ್ಲ. ತಪಾಸಣೆಯಾದ ಕಾರುಗಳ ಸ್ಥಿತಿ ಸುಧಾರಿಸಿತು. ಅಪಘಾತದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. 2007ರಲ್ಲಿ ಕ್ರಿಸ್ಟೆನ್‌ಸನ್ ಮತ್ತು ಎಲ್ವಿಕ್ ಅದೇ ದೇಶದ ದತ್ತಾಂಶವನ್ನು ಮತ್ತೆ ನೋಡಿದರು: ತಪಾಸಣೆಯಿಂದ ದೋಷ ತಗ್ಗುತ್ತದೆ, ಆದರೆ ಅಪಘಾತ ತಗ್ಗಿದ್ದು ಕಾಣುವುದಿಲ್ಲ. ಅಮೆರಿಕದ ನ್ಯೂಜೆರ್ಸಿ 2010ರಲ್ಲಿ ಸುರಕ್ಷತಾ ತಪಾಸಣೆ ಕೈಬಿಟ್ಟ ಮೇಲೂ ಅಪಘಾತ ಏರಲಿಲ್ಲ ಎಂದು ಹೋಗ್ಲಂಡ್ ಮತ್ತು ವೂಲಿ 2018ರಲ್ಲಿ ಬರೆದರು. ಟೆಕ್ಸಸ್ ರಾಜ್ಯ 2025ರ ಆರಂಭದಿಂದ ಖಾಸಗಿ ವಾಹನಗಳಿಗೆ ಅದನ್ನು ತೆಗೆದುಹಾಕಿತು.

ಇದಕ್ಕೆ ಎದುರಾಗಿ ನ್ಯೂಜಿಲೆಂಡ್ ಇದೆ. ಆರು ತಿಂಗಳಿಗೊಮ್ಮೆ ತಪಾಸಣೆಯಿದ್ದ ಆ ದೇಶದ ದಾಖಲೆಗಳನ್ನು 1986ರಲ್ಲಿ ಪರಿಶೀಲಿಸಿದ ವೈಟ್, ತಪಾಸಣೆಯಾದ ಕೂಡಲೇ ಅಪಘಾತದ ಸಾಧ್ಯತೆ ಕನಿಷ್ಠವಿದ್ದು, ಮುಂದಿನ ತಪಾಸಣೆಯ ಹೊತ್ತಿಗೆ ಅದು ಶೇ. 10ರಿಂದ 15ರಷ್ಟು ಏರುವುದನ್ನು ಕಂಡರು. 2003ರ ಆಕ್‌ಲೆಂಡ್ ಅಧ್ಯಯನದಲ್ಲಿ ಚಾಲ್ತಿ ಸರ್ಟಿಫಿಕೇಟು ಇಲ್ಲದ ಕಾರುಗಳಿಗೆ ಗಾಯದ ಅಪಘಾತದ ಸಾಧ್ಯತೆ ಸುಮಾರು ಮೂರು ಪಟ್ಟು. ಸರ್ಟಿಫಿಕೇಟು ಮಾಡಿಸದ ಮನುಷ್ಯ ಓಡಿಸುವುದರಲ್ಲೂ ಅಜಾಗರೂಕ ಇರಬಹುದು ಎಂಬ ಅನುಮಾನಕ್ಕೆ ಅಲ್ಲಿ ಲೆಕ್ಕದ ಉತ್ತರ ಕೊಟ್ಟಿದ್ದಾರೆ, ಎಲ್ಲರೂ ಒಪ್ಪಿಲ್ಲ.

ನಾರ್ವೆಯ ಪ್ರಯೋಗವನ್ನು ನಾನು ಗೌರವಿಸುತ್ತೇನೆ. ಆದರೆ ಅದು ಟಾರು ರಸ್ತೆಯ ಕಾರುಗಳ ಮೇಲೆ ನಡೆದದ್ದು. ಕಾರಿನಲ್ಲಿ ಒಂದು ಬಾಲ್ ಜಾಯಿಂಟು ನಿಧಾನವಾಗಿ, ವರ್ಷಗಟ್ಟಲೆ ಸವೆಯುತ್ತದೆ. ಕ್ವಾಡ್‌ನಲ್ಲಿ ಒಂದು ಬೂಟು ಹರಿದ ಮೇಲೆ ವಾರಗಳು ಸಾಕು. ಸವೆತದ ವೇಗವೇ ಬೇರೆಯಿರುವಾಗ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹಾಗೇ ಎತ್ತಿಡುವುದು ಕಷ್ಟ.

ನೋಡುವ ಕಣ್ಣು ಯಾರದು

ಅರ್ಥಶಾಸ್ತ್ರಜ್ಞರ ಪಂಗಡ ಗಾಡಿಯನ್ನು ಬಿಟ್ಟು ಪರೀಕ್ಷಕನನ್ನು ನೋಡುತ್ತದೆ. ಬ್ರಿಟನ್ನಿನಲ್ಲಿ ಎಂಒಟಿ ಮಾಡುವ ಹೆಚ್ಚಿನ ಗ್ಯಾರೇಜುಗಳು ರಿಪೇರಿಯನ್ನೂ ಮಾಡುತ್ತವೆ. ಇಲ್ಲದ ದೋಷ ಬರೆದು ಕೆಲಸ ಗಿಟ್ಟಿಸುತ್ತಾರೆ ಎಂಬುದು ಗಿರಾಕಿಗಳ ಹಳೆಯ ದೂರು. ಸಂಶೋಧನೆಯಲ್ಲಿ ಎದ್ದು ಕಂಡದ್ದು ತಿರುಗುಮುರುಗು. ಕ್ಯಾಲಿಫೋರ್ನಿಯಾದ ಹೊಗೆ ತಪಾಸಣೆಯನ್ನು 1990ರ ದಶಕದಲ್ಲಿ ಅಧ್ಯಯನ ಮಾಡಿದ ಥಾಮಸ್ ಹಬರ್ಡ್, ಖಾಸಗಿ ಕೇಂದ್ರಗಳು ಗಾಡಿ ಪಾಸಾಗಲು ನೆರವಾಗುವುದನ್ನೂ, ಪಾಸು ಮಾಡಿದ ಕಡೆಗೇ ಗಿರಾಕಿ ಮರಳುವುದನ್ನೂ ತೋರಿಸಿದರು. ನ್ಯೂಯಾರ್ಕಿನ ಸುಮಾರು 2.8 ಕೋಟಿ ತಪಾಸಣೆಗಳನ್ನು ಜಾಲಾಡಿದ 2013ರ ಅಧ್ಯಯನ ಇನ್ನೂ ಮುಂದೆ ಹೋಯಿತು: ಅಕ್ಕಪಕ್ಕ ಪೈಪೋಟಿ ಹೆಚ್ಚಿದಷ್ಟೂ ಪರೀಕ್ಷಕರು ಸಡಿಲವಾಗುತ್ತಾರೆ. ಫೇಲು ಮಾಡುವ ಅಂಗಡಿಗೆ ಯಾರು ಹೋಗುತ್ತಾರೆ?

ಪರಿಹಾರಗಳೂ ಹಲವು. ಜರ್ಮನಿ ತಪಾಸಣೆಯನ್ನು ರಿಪೇರಿಯಿಂದ ಬೇರ್ಪಡಿಸಿದೆ. ನೆದರ್ಲೆಂಡ್ಸ್ ಗ್ಯಾರೇಜುಗಳಿಗೇ ಬಿಟ್ಟು, ಸುಮಾರು ನೂರರಲ್ಲಿ ಮೂರು ಗಾಡಿಗಳನ್ನು ಸರ್ಕಾರಿ ಪರೀಕ್ಷಕ ಸ್ಥಳದಲ್ಲೇ ಮರುಪರೀಕ್ಷೆ ಮಾಡುವಂತೆ ಇಟ್ಟಿದೆ. ಉತ್ತರ ಐರ್ಲೆಂಡ್ ಸರ್ಕಾರಿ ಕೇಂದ್ರಗಳಲ್ಲೇ ಮಾಡಿಸುತ್ತದೆ. ಅಲ್ಲೂ 2020ರ ಜನವರಿಯಲ್ಲಿ ಗಾಡಿ ಎತ್ತುವ ಲಿಫ್ಟುಗಳಲ್ಲೇ ಬಿರುಕು ಕಂಡು ಕಾರುಗಳ ಪರೀಕ್ಷೆ ನಿಲ್ಲಿಸಬೇಕಾಯಿತು. ಪೆನ್ಸಿಲ್ವೇನಿಯಾದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಕಂಡದ್ದು ಬೇರೆ ಬಗೆಯ ಎಡವಟ್ಟು: ಫೇಲಾಗುವುದು ಶೇ. 2 ಎಂದು ಎಲ್ಲರೂ ಹೇಳಿಕೊಂಡು ಬಂದಿದ್ದರು, ದಾಖಲೆ ತೆಗೆದು ನೋಡಿದರೆ 12ರಿಂದ 18. ಬಂದ ಗಾಡಿಯನ್ನು ಮೊದಲು ರಿಪೇರಿ ಮಾಡಿ ಆಮೇಲೆ 'ಪಾಸ್' ಎಂದಷ್ಟೇ ಬರೆದರೆ ದೋಷ ಲೆಕ್ಕದಿಂದಲೇ ಮಾಯ.

ಪಾಸಾಗುವುದೂ ಬಾಳಿಕೆ ಬರುವುದೂ ಒಂದೇ ಅಲ್ಲ

ಬ್ರಿಟನ್ನಿನ ಎಂಒಟಿ ಫಲಿತಾಂಶಗಳು ಸಾರ್ವಜನಿಕ. ನಂಬರ್ ಪ್ಲೇಟಿನ ಸಂಖ್ಯೆ ಕೊಟ್ಟರೆ ಆ ಗಾಡಿಯ ಹಳೆಯ ಪರೀಕ್ಷೆಗಳೆಲ್ಲ ಸಿಗುತ್ತವೆ. ಒಟ್ಟು ದತ್ತಾಂಶವೂ ಸಂಶೋಧಕರಿಗೆ ಮುಕ್ತ. ಇದರಿಂದ ಯಾವ ಮಾದರಿ ಹೆಚ್ಚು ಫೇಲಾಗುತ್ತದೆ ಎಂಬ ಪಟ್ಟಿಗಳು ಹುಟ್ಟುತ್ತವೆ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅವನ್ನು ನಂಬುತ್ತಾರೆ. ಲಕ್ಷಗಟ್ಟಲೆ ಇರುವ ಕಾರಿನ ಮಾದರಿಗೆ ಆ ಶೇಕಡಾವಾರು ಸ್ವಲ್ಪ ಅರ್ಥ ಕೊಡುತ್ತದೆ. ಕ್ವಾಡ್‌ಗೆ ಬಂದರೆ ಲೆಕ್ಕ ನೀರಾಗುತ್ತದೆ. ಒಂದು ಮಾದರಿಯ ಹನ್ನೆರಡು ಗಾಡಿ ಪರೀಕ್ಷೆಗೆ ಬಂದು ಮೂರು ಫೇಲಾದವು ಎಂದುಕೊಳ್ಳಿ: ಶೇ. 25. ಇನ್ನೊಂದು ಫೇಲಾದರೆ ಶೇ. 33. ಒಬ್ಬ ಮಾಲೀಕನ ಸುಟ್ಟುಹೋದ ಬಲ್ಬಿನಿಂದ ಒಂದು ಕಂಪನಿಯ ಹೆಸರು ಎಂಟು ಅಂಕ ಕೆಳಗೆ.

ಅದರ ಮೇಲೆ, ಬ್ರಿಟನ್ನಿನಲ್ಲಿ ಎಂಜಿನ್ ಸತ್ತ ಗಾಡಿ ಪರೀಕ್ಷೆಗೇ ಬರುವುದಿಲ್ಲ. ಕ್ಲಚ್ ಜಾರುವ ಗಾಡಿ ಪಾಸಾಗಬಹುದು. ಗಟ್ಟಿಮುಟ್ಟಾದ ಗಾಡಿ ದೀಪ ಉರಿಯದೆ ಫೇಲಾಗಬಹುದು. ವಯಸ್ಸು ಅಳೆಯುವುದಕ್ಕೂ ಕಿಲೋಮೀಟರು ಸಾಲದು. ಕುರಿ ಹಿಂಡಿನ ಹಿಂದೆ ನಡಿಗೆಯ ವೇಗದಲ್ಲಿ ದಿನವಿಡೀ ತೆವಳಿದ ಗಾಡಿಯ ಮೀಟರಿನಲ್ಲಿ ದೂರ ಕಡಿಮೆ, ದುಡಿತ ಜಾಸ್ತಿ. ಅದಕ್ಕೇ ತಯಾರಕರು ಸರ್ವೀಸಿಗೆ ಗಂಟೆಗಳ ಲೆಕ್ಕವನ್ನೂ ಕೊಡುತ್ತಾರೆ. ತಪಾಸಣೆಯ ಕ್ಯಾಲೆಂಡರಿಗೆ ಆ ಗಂಟೆಗಳು ಗೊತ್ತಿಲ್ಲ. ಫೇಲಾದವುಗಳ ಪಟ್ಟಿಯಲ್ಲಿ ಗಾಡಿಯ ಗುಣಕ್ಕಿಂತ ಅದನ್ನು ಇಟ್ಟುಕೊಂಡವರ ಗುಣವೇ ಹೆಚ್ಚು ಕಾಣುತ್ತದೆ ಎಂಬುದು ನನ್ನ ಅಂದಾಜು.

ದೋಷ ಆಕಾರದಲ್ಲೇ ಇದ್ದರೆ

ಕ್ವಾಡ್ ಬೈಕಿನಲ್ಲಿ ಜನ ಸಾಯುವ ಮುಖ್ಯ ರೀತಿ ಎಂದರೆ ಅದು ಮಗುಚಿ ಮೇಲೆ ಬೀಳುವುದು. ಅಗಲ ಕಡಿಮೆ, ಎತ್ತರ ಜಾಸ್ತಿ. ಎಷ್ಟೋ ಮಾದರಿಗಳಲ್ಲಿ ಹಿಂದಿನ ಎರಡು ಚಕ್ರಗಳು ಒಂದೇ ಆಕ್ಸಲಿಗೆ ಬಿಗಿದು ಒಂದೇ ವೇಗದಲ್ಲಿ ತಿರುಗುತ್ತವೆ, ಹಾಗಾಗಿ ತಿರುವಿನಲ್ಲಿ ಸವಾರ ಮೈ ವಾಲಿಸಿ ತೂಕ ಬದಲಿಸಲೇಬೇಕು. ಇದನ್ನು ಯಾವ ಎಂಒಟಿಯೂ ಫೇಲು ಮಾಡುವುದಿಲ್ಲ, ಏಕೆಂದರೆ ಇಲ್ಲಿ ಏನೂ ಸವೆದಿಲ್ಲ. ವಿನ್ಯಾಸದ ಪಂಗಡದವರು ಹಿಡಿಯುವುದು ಇದನ್ನೇ: ಕಾರ್ಖಾನೆಯಿಂದ ಹೊರಟ ದಿನವೇ ಇರುವ ಅಪಾಯವನ್ನು ವರ್ಷಕ್ಕೊಮ್ಮೆ ನೋಡಿ ಏನು ಪ್ರಯೋಜನ?

ಅವರ ಕೈಯಲ್ಲಿ ಎರಡು ದೊಡ್ಡ ಉದಾಹರಣೆಗಳಿವೆ. 1988ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಜೊತೆ ನ್ಯಾಯಾಲಯದಲ್ಲಿ ಒಪ್ಪಂದವಾಗಿ ತಯಾರಕರು ಮೂರು ಚಕ್ರದ ಗಾಡಿಗಳ ಮಾರಾಟ ನಿಲ್ಲಿಸಿದರು. ಆಸ್ಟ್ರೇಲಿಯಾ 2019ರಲ್ಲಿ ಕ್ವಾಡ್‌ಗಳಿಗೇ ಕಡ್ಡಾಯ ಮಾನದಂಡ ತಂದಿತು: ಸಾಮಾನ್ಯ ಬಳಕೆಯ ಹೊಸ ಗಾಡಿ ಸುಮಾರು 28.8 ಡಿಗ್ರಿ ಅಡ್ಡ ಓರೆಯವರೆಗೂ ಎರಡು ಚಕ್ರದ ಮೇಲೆ ಏಳಬಾರದು, ಮಗುಚಿದಾಗ ಸವಾರ ಅಪ್ಪಚ್ಚಿಯಾಗದಂತೆ ಹಿಂದೆ ಕಾಪಾಡುವ ಕಂಬಿ ಇರಬೇಕು. ಪೂರ್ತಿ ಜಾರಿಯಾದದ್ದು 2021ರ ಅಕ್ಟೋಬರಿನಿಂದ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ರಫಾಯೆಲ್ ಗ್ರ್ಜೆಬಿಯೆಟಾ ಅವರ ತಂಡದ ಪರೀಕ್ಷೆಗಳು ಇದಕ್ಕೆ ಬಲ ಕೊಟ್ಟಿದ್ದವು. ತಯಾರಕರು ಒಪ್ಪಲಿಲ್ಲ, ಕಂಬಿಯೇ ಗಾಯ ಮಾಡಬಹುದು, ಹೆಲ್ಮೆಟ್ಟು ಮತ್ತು ತರಬೇತಿ ಮುಖ್ಯ ಎಂದರು. ಹೋಂಡಾ, ಯಮಹಾ ಆ ಮಾರುಕಟ್ಟೆಯಲ್ಲಿ ಕ್ವಾಡ್ ಮಾರುವುದನ್ನೇ ಬಿಟ್ಟವು.

ವಿನ್ಯಾಸದ ವಾದ ಬಲವಾದದ್ದು. ಆದರೂ ಅಡ್ಡ ಇಳಿಜಾರಿನಲ್ಲಿ ಸರಿಯಾಗಿ ನಿಲ್ಲಬಲ್ಲ ಗಾಡಿಯನ್ನು ಮಗುಚಿಸಲು ಒಂದು ಕಡೆ ಗಾಳಿ ಇಳಿದ ಟೈರು, ಆಡುವ ಒಂದು ಚಕ್ರ ಸಾಕು. ಆಕಾರ ಸರಿಯಿದ್ದ ಮಾತ್ರಕ್ಕೆ ಸವೆತದ ಚಿಂತೆ ತಪ್ಪದು.

ನಮ್ಮ ಬೆಟ್ಟಗಳಲ್ಲಿ

ನಮ್ಮಲ್ಲಿ ಲಾರಿ, ಬಸ್ಸು, ಟ್ಯಾಕ್ಸಿಗಳಿಗೆ ಎಫ್‌ಸಿ ಇದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಖಾಸಗಿ ಕಾರು, ಬೈಕು ಹದಿನೈದು ವರ್ಷ ದಾಟಿದ ಮೇಲೆ ಆರ್‌ಸಿ ನವೀಕರಣಕ್ಕೆ ತೋರಿಸಬೇಕು. ಕಣ್ಣಂದಾಜಿನ ಪರೀಕ್ಷೆ ಬಿಟ್ಟು ಯಂತ್ರಗಳಿಂದ ಅಳೆಯುವ ಸ್ವಯಂಚಾಲಿತ ಕೇಂದ್ರಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ನೋಡುವ ಕಣ್ಣು ಯಾರದು ಎಂಬ ಚರ್ಚೆ ನಮ್ಮಲ್ಲೂ ಹೀಗೆ ನಡೆದಿದೆ.

ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ರೆಸಾರ್ಟುಗಳಲ್ಲಿ, ಕರಾವಳಿಯ ಮರಳಿನಲ್ಲಿ ಬಾಡಿಗೆಗೆ ಓಡುವ ಕ್ವಾಡ್‌ಗಳು ಇದ್ಯಾವುದರ ಒಳಗೂ ಬರುವುದಿಲ್ಲ. ಅವು ಸಾರ್ವಜನಿಕ ರಸ್ತೆಗೆ ಇಳಿಯುವುದಿಲ್ಲ, ಸಾಮಾನ್ಯವಾಗಿ ನೋಂದಣಿ ಇಲ್ಲ, ನೋಂದಣಿ ಇಲ್ಲದ ಮೇಲೆ ಎಫ್‌ಸಿಯ ಮಾತೇ ಇಲ್ಲ. ಬ್ರಿಟನ್ನಿನಲ್ಲೂ ಹೊಲದ ಬೇಲಿಯೊಳಗೇ ಓಡುವ ಕ್ವಾಡ್‌ಗೆ ಎಂಒಟಿ ಇಲ್ಲ. ಆದರೆ ಅಲ್ಲಿ ಕೂಲಿಯಾಳಿಗೆ ಗಾಡಿ ಕೊಟ್ಟ ಮಾಲೀಕನನ್ನು ಕೆಲಸದ ಸ್ಥಳದ ಸುರಕ್ಷತಾ ಕಾನೂನು ಹಿಡಿಯುತ್ತದೆ, ಉಪಕರಣವನ್ನು ಸುಸ್ಥಿತಿಯಲ್ಲಿ ಇಡುವುದು ಅವನ ಹೊಣೆ. ನಮ್ಮ ರೆಸಾರ್ಟಿನಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಜನ, ಹೆಚ್ಚಿನವರು ಜೀವನದಲ್ಲಿ ಮೊದಲ ಸಲ ಕ್ವಾಡ್ ಹತ್ತಿದವರು, ಒಂದೇ ಗಾಡಿಯನ್ನು ಓಡಿಸುತ್ತಾರೆ. ಅಷ್ಟು ದುಡಿಯುವ ಟ್ಯಾಕ್ಸಿಗೆ ಎಫ್‌ಸಿ ಬೇಕು. ಇದಕ್ಕೆ ಬೇಡ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇತ್ಯರ್ಥವಾಗದೆ ಉಳಿದವು

ದೋಷದ ಪಾಲು ಶೇ. 8ರ ಕಡೆಗೋ 1ರ ಕಡೆಗೋ ಎಂಬುದು ತೀರ್ಮಾನವಾಗಿಲ್ಲ. ಅಪಘಾತವಾದ ಗಾಡಿಯನ್ನು ಬಿಚ್ಚಿ ನೋಡುವ ಪದ್ಧತಿ ಎಲ್ಲ ಕಡೆ ಒಂದೇ ಆಗುವವರೆಗೆ ಆಗುವುದೂ ಇಲ್ಲ. ತಪಾಸಣೆ ಗಾಡಿಯನ್ನು ಸುಧಾರಿಸಿದರೂ ಅಪಘಾತ ಏಕೆ ಇಳಿಯಲಿಲ್ಲ ಎಂಬ ನಾರ್ವೆಯ ಒಗಟಿಗೆ, ಗಾಡಿ ಸರಿಯಿದೆ ಎಂಬ ಧೈರ್ಯದಲ್ಲಿ ಜನ ಜೋರಾಗಿ ಓಡಿಸುತ್ತಾರೆಯೇ ಎಂಬ ಊಹೆ ಇದೆ, ಊಹೆಯಾಗಿಯೇ ಇದೆ. ಫ್ರಾನ್ಸಿನ ಹೊಸ ತಪಾಸಣೆ ಇದಕ್ಕೆ ಉತ್ತರ ಕೊಡಬಹುದು, ಕ್ವಾಡ್‌ಗಳನ್ನು ಬೈಕುಗಳ ರಾಶಿಯಿಂದ ಬೇರೆ ತೆಗೆದು ಎಣಿಸಿದರೆ. ಕ್ಯಾಲೆಂಡರಿನ ಬದಲು ಗಂಟೆ ಮೀಟರಿನ ಪ್ರಕಾರ ತಪಾಸಣೆ ಮಾಡಬೇಕೆಂದರೆ, ಆ ಮೀಟರನ್ನು ಯಾರೂ ತಿರುಚದಂತೆ ಮಾಡುವುದು ಹೇಗೆ ಎಂಬುದು ಬೇರೆಯೇ ಪ್ರಶ್ನೆ.

ನನಗೆ ಎಲ್ಲಕ್ಕಿಂತ ಹತ್ತಿರದ್ದು, ಬೇಲಿಯೊಳಗೆ ಬಾಡಿಗೆಗೆ ಓಡುವ ಗಾಡಿಯ ಹೊಣೆ ಯಾವ ಇಲಾಖೆಯದು ಎಂಬುದು. ಸಾರಿಗೆ ಇಲಾಖೆಗೆ ಅದು ವಾಹನವಾಗಿ ಕಾಣುವುದಿಲ್ಲ. ಪ್ರವಾಸೋದ್ಯಮದವರು ಅದನ್ನು ಸಾಹಸ ಕ್ರೀಡೆ ಎನ್ನಬಹುದು. ಆಗ ಬಾಲ್ ಜಾಯಿಂಟು ನೋಡಲು ಬಲ್ಲ ಪರೀಕ್ಷಕನನ್ನು ಎಲ್ಲಿಂದ ತರುತ್ತಾರೆ? ಪಂಚಾಯಿತಿ ಲೈಸೆನ್ಸು ಕೊಡುವಾಗ ಕೇಳಬಹುದೇ? ಅಲ್ಲಿಯವರೆಗೆ, ಬೆಳಿಗ್ಗೆ ಗಾಳಿ ನೋಡುವ ಆ ಹುಡುಗನಿಗೆ ಕಡಿಮೆ ಒತ್ತಡದ ಒಂದು ಸರಿಯಾದ ಗೇಜು ಕೊಟ್ಟು, ಚಕ್ರ ಹಿಡಿದು ಅಲ್ಲಾಡಿಸುವುದನ್ನು ಕಲಿಸಿ, 'ಈ ಗಾಡಿ ಇವತ್ತು ಬೇಡ' ಎಂದು ಹೇಳುವ ಅಧಿಕಾರವನ್ನೂ ಅವನಿಗೇ ಕೊಡುವವರು ಯಾರು?